ಫ್ಯಾನ್ ಹಾಕದೆ ಫ್ಯಾನಿನ ಸದ್ದು: ₹1,230ರ ವೈಟ್ ನಾಯ್ಸ್ ಪೆಟ್ಟಿಗೆ

ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ವೈಟ್ ನಾಯ್ಸ್ ಮಷೀನು (ಒಂದೇ ಸಮನೆ ಸದ್ದು ಮಾಡಿ ಬೇರೆ ಸದ್ದನ್ನು ಮುಚ್ಚುವಂಥದ್ದು) ಆಗಲೇ ಇದೆ, ಚಾವಣಿಯಿಂದ ತೂಗುತ್ತಿರುತ್ತದೆ. ಫ್ಯಾನಿನ ಸದ್ದಿಗೆ ಒಗ್ಗಿದವರಿಗೆ ತೊಂದರೆ ಶುರುವಾಗುವುದು ಅದು ನಿಂತಾಗ: ಡಿಸೆಂಬರ್-ಜನವರಿಯ ಚಳಿಯಲ್ಲಿ, ನಡುರಾತ್ರಿ ಕರೆಂಟ್ ಹೋದಾಗ, ಇಲ್ಲವೇ ಹಳೇ ಫ್ಯಾನ್ ತೆಗೆಸಿ ಮೆತ್ತಗೆ ತಿರುಗುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದ ಮೇಲೆ. ಆಗ ಬೀದಿಯ ಬೈಕು, ನಾಯಿ, ಪಕ್ಕದ ಮನೆಯ ನೀರಿನ ಮೋಟಾರು ಎಲ್ಲವೂ ಕಿವಿಗೆ ಬೀಳತೊಡಗುತ್ತವೆ. ಇದು ಆ ಜಾಗ ತುಂಬಲು ಕಟ್ಟಿದ ಪೆಟ್ಟಿಗೆಯ ಕೆಲಸದ ದಾಖಲೆ. ಮಷೀನು ಕೊಳ್ಳಲು ಹೊರಟವರಿಗೂ ಉಪಯೋಗವಾದೀತು, ಯಾಕೆಂದರೆ ಕಟ್ಟುವಾಗ ಎದುರಾಗುವ ದೋಷಗಳಲ್ಲಿ ಹೆಚ್ಚಿನವು ಅಂಗಡಿಯ ಡಬ್ಬಿಗಳಲ್ಲೂ ಇರುತ್ತವೆ.

ಹಂತ 1: ಎಷ್ಟು ಸದ್ದು ಬೇಕು

ಕೋಣೆ 10×11 ಅಡಿ, ಒಂದು ಕಿಟಕಿ ರಸ್ತೆಯ ಕಡೆಗೆ. ಅಳೆದದ್ದು ಫೋನಿನ ಸೌಂಡ್ ಮೀಟರ್ ಆ್ಯಪ್‌ನಿಂದ. ಆ್ಯಪ್ ತೋರಿಸುವ ಅಂಕಿ ನಿಜವಾದದ್ದಕ್ಕಿಂತ ಹಲವು ಡೆಸಿಬಲ್ ಆಚೀಚೆ ಇರಬಹುದು. ಆದರೆ ಅದೇ ಫೋನು, ಅದೇ ಜಾಗ, ಅದೇ ದಿಕ್ಕು ಇಟ್ಟುಕೊಂಡರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಲು ಸಾಕು. ಫೋನನ್ನು ದಿಂಬಿನ ಮೇಲೆ, ಮೈಕ್ ಚಾವಣಿಯ ಕಡೆ ಬರುವಂತೆ ಇಟ್ಟಾಗ ಸಿಕ್ಕಿದ್ದು ಇಷ್ಟು: ಫ್ಯಾನ್ ಇಲ್ಲದೆ ನಡುರಾತ್ರಿ 34 ಡಿಬಿ, ಹಳೇ ಫ್ಯಾನ್ ಮೂರರಲ್ಲಿ 45, ಕಿಟಕಿ ಮುಚ್ಚಿದ್ದಾಗ ಬೈಕು ಹಾದುಹೋದರೆ 54-55.

ನಿದ್ದೆ ಕೆಡಿಸುವುದು 55 ಎಂಬ ಅಂಕಿಗಿಂತ ಹೆಚ್ಚಾಗಿ 34ರಿಂದ 55ಕ್ಕೆ ಹಾರುವ ಜಿಗಿತ. ನೆಲಮಟ್ಟವನ್ನು 44ಕ್ಕೆ ಏರಿಸಿದರೆ ಜಿಗಿತ 21ರಿಂದ 11ಕ್ಕೆ ಇಳಿಯುತ್ತದೆ. ಹಾಗಾಗಿ ಗುರಿ ದಿಂಬಿನ ಹತ್ತಿರ 43ರಿಂದ 45 ಡಿಬಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕಿರುವ ಮಿತಿಯೂ 45 ಡಿಬಿಯೇ. ಬೀದಿ ಅದನ್ನು ಪಾಲಿಸುವುದಿಲ್ಲ, ಪೆಟ್ಟಿಗೆಯಾದರೂ ಪಾಲಿಸಲಿ.

ಯಾವ ಬಣ್ಣದ ಸದ್ದು ಎಂಬುದನ್ನೂ ಇಲ್ಲೇ ತೀರ್ಮಾನಿಸಬೇಕು. ವೈಟ್ ನಾಯ್ಸ್ ಅಂದರೆ ಎಲ್ಲ ಆವರ್ತನದಲ್ಲೂ ಒಂದೇ ಬಲ. ಕೇಳಲು ಅದು ಚಾನೆಲ್ ಸಿಗದ ಹಳೇ ಟಿವಿಯ ಸುಯ್, ರಾತ್ರಿಯಿಡೀ ಕಿವಿಗೆ ಚುಚ್ಚುತ್ತದೆ. ಪಿಂಕ್ ಆಕ್ಟೇವ್‌ಗೆ, ಅಂದರೆ ಆವರ್ತನ ಇಮ್ಮಡಿಯಾದಾಗಲೆಲ್ಲ, 3 ಡಿಬಿಯಂತೆ ಇಳಿಯುತ್ತದೆ, ಬ್ರೌನ್ 6 ಡಿಬಿಯಂತೆ. ಫ್ಯಾನಿಗೆ ಹತ್ತಿರವಾದದ್ದು ಪಿಂಕ್, ಅದರಲ್ಲೂ ಮೇಲಿನ ಚೂಪನ್ನು ಸ್ವಲ್ಪ ಕತ್ತರಿಸಿದ್ದು.

ಹಂತ 2: ಕಂಪ್ಯೂಟರ್ ಫ್ಯಾನು ಪೈಪಿನೊಳಗೆ (ಕೈಬಿಟ್ಟದ್ದು)

1962ರಿಂದ ಅಮೆರಿಕದಲ್ಲಿ ಮಾರುತ್ತಿರುವ, ಈಗ ಡೋಮ್ ಎಂಬ ಹೆಸರಿನ ಮಷೀನಿನೊಳಗೆ ಸ್ಪೀಕರೇ ಇಲ್ಲ. ಮೋಟಾರು, ಚಿಕ್ಕ ಫ್ಯಾನು, ಸುತ್ತ ಸೀಳುಗಳಿರುವ ಚಿಪ್ಪು, ಅಷ್ಟೇ. ಅದನ್ನೇ 12 ವೋಲ್ಟಿನ 120 ಮಿಮೀ ಕಂಪ್ಯೂಟರ್ ಫ್ಯಾನಿನಿಂದ ಮಾಡಬಹುದು ಅನ್ನಿಸುವುದು ಸಹಜ. ಆಗುವುದಿಲ್ಲ, ಎರಡು ಕಾರಣಕ್ಕೆ.

ಒಂದು, ಕಂಪ್ಯೂಟರ್ ಫ್ಯಾನುಗಳನ್ನು ಮಾಡುವುದೇ ಸದ್ದು ಕಡಿಮೆ ಇರಲಿ ಎಂದು. ಪೂರ್ತಿ ವೇಗದಲ್ಲೂ ಮಂಚದ ಹತ್ತಿರ 40 ಡಿಬಿ ಮುಟ್ಟಲಿಲ್ಲ. ವೇಗ ಅರ್ಧಕ್ಕಿಳಿಸಿದರೆ 15 ಡಿಬಿಗೂ ಹೆಚ್ಚು ಬೀಳುತ್ತದೆ, ಅಂದರೆ ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳಲು ಜಾಗವೇ ಇಲ್ಲ. ಎರಡು, ಏಳು ರೆಕ್ಕೆಯ ಫ್ಯಾನು 1500 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 175 ಸಲ ರೆಕ್ಕೆ ಹಾಯುತ್ತದೆ. ಆ 175 ಹರ್ಟ್ಸ್‌ನ ಗುಂಯ್ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ, ಪೈಪಿನೊಳಗೆ ಕೂರಿಸಿದರೆ ಇನ್ನೂ ಎದ್ದು ಕೇಳುತ್ತದೆ. ಒಂದೇ ಶ್ರುತಿಯ ಸದ್ದು ಬೇರೆ ಸದ್ದನ್ನು ಮುಚ್ಚುವುದಿಲ್ಲ, ತಾನೇ ಒಂದು ಕಾಟವಾಗುತ್ತದೆ. ಪೈಪಿಗೆ ಸೀಳು ಕೊಯ್ದಷ್ಟೂ ಶ್ರುತಿ ಬದಲಾಯಿತೇ ಹೊರತು ಹೋಗಲಿಲ್ಲ.

ಅಮೆರಿಕದಿಂದ ಯಾರಾದರೂ ಡೋಮ್ ತಂದುಕೊಡುತ್ತೇನೆ ಎಂದರೆ ತಳದ ಚೀಟಿ ಓದಿಸಿ. ಅಲ್ಲಿನ ಮಾದರಿ 120 ವೋಲ್ಟ್ ಎಸಿ ಮೋಟಾರಿನದು. ಪಿನ್ ಬದಲಿಸುವ ಬರೀ ಅಡಾಪ್ಟರ್ ಹಾಕಿ ನಮ್ಮ 230ಕ್ಕೆ ಕೊಟ್ಟರೆ ಮೋಟಾರು ಸುಡುತ್ತದೆ. ಲೆಕ್ಟ್ರೋಫ್ಯಾನ್‌ನಂಥ ಎಲೆಕ್ಟ್ರಾನಿಕ್ ಮಷೀನುಗಳು ಯುಎಸ್‌ಬಿಯ 5 ವೋಲ್ಟಿನಲ್ಲಿ ನಡೆಯುವುದರಿಂದ ಆ ತಕರಾರಿಲ್ಲ.

ಹಂತ 3: ಎಂಪಿ3 ಮಾಡ್ಯೂಲ್ (ಅರ್ಧ ಗೆಲುವು)

ಡಿಎಫ್‌ಪ್ಲೇಯರ್ ಮಿನಿ ಎಂಬ ಹೆಬ್ಬೆರಳಿನಷ್ಟು ಮಾಡ್ಯೂಲ್ ಸುಮಾರು ₹150ಕ್ಕೆ ಸಿಗುತ್ತದೆ. ಮೆಮೊರಿ ಕಾರ್ಡ್ ಹಾಕುವ ಜಾಗವೂ 3 ವಾಟಿನ ಆಂಪ್ಲಿಫೈಯರೂ ಅದರಲ್ಲೇ ಇವೆ. ಸ್ಪೀಕರಿನ ಎರಡು ತಂತಿ, 5 ವೋಲ್ಟ್, ಎರಡು ಗುಂಡಿ ಕೊಟ್ಟರೆ ಹಾಡುತ್ತದೆ. ಪ್ರೋಗ್ರಾಂ ಬರೆಯಲು ಮನಸ್ಸಿಲ್ಲದವರಿಗೆ ಇದೇ ದಾರಿ, ಆದರೆ ಕೆಳಗಿನವನ್ನು ನೋಡಿಕೊಂಡು.

ಕಡತ ಮುಗಿದು ಮತ್ತೆ ಶುರುವಾಗುವ ಕಡೆ ಕ್ಷಣಕಾಲ ಮೌನ ಬರುತ್ತದೆ. ಎಂಪಿ3ಯ ತಲೆ-ಬಾಲಕ್ಕೆ ಖಾಲಿ ಸ್ಯಾಂಪಲ್ ಸೇರಿಕೊಂಡಿರುವುದು ಒಂದು ಕಾರಣ, ಮಾಡ್ಯೂಲ್ ಕಡತವನ್ನು ಮತ್ತೆ ತೆರೆಯಲು ತೆಗೆದುಕೊಳ್ಳುವ ಸಮಯ ಇನ್ನೊಂದು. ಹಗಲಿನಲ್ಲಿ ಗೊತ್ತೇ ಆಗದ ಆ ಕಡಿತ ರಾತ್ರಿ ಕಣ್ಣು ಬಿಡಿಸುತ್ತದೆ. ಮೂರು ನಿಮಿಷದ ಕಡತವಾದರೆ ಗಂಟೆಗೆ ಇಪ್ಪತ್ತು ಕಡಿತ. ಪರಿಹಾರ, ಆಡಾಸಿಟಿಯಲ್ಲಿ ಎಂಟು ಗಂಟೆಯ ಪಿಂಕ್ ನಾಯ್ಸ್ ಒಂದೇ ಕಡತವಾಗಿ ಮಾಡುವುದು. 64 ಕೆಬಿಪಿಎಸ್‌ಗೆ ಇಳಿಸಬೇಡಿ. ಗೊತ್ತುಗುರಿಯಿಲ್ಲದ ಸದ್ದನ್ನು ಕುಗ್ಗಿಸುವುದು ಎಂಪಿ3ಗೆ ಕಷ್ಟ, ಗುಳುಗುಳು ಎನ್ನುವ ನೀರಿನ ಸದ್ದು ಸೇರಿಕೊಳ್ಳುತ್ತದೆ. ಮೊನೊ 128 ಕೆಬಿಪಿಎಸ್ ಇಟ್ಟರೆ ಕಡತ ಸುಮಾರು 460 ಎಂಬಿ, ಯಾವ ಕಾರ್ಡಿಗೂ ಭಾರವಲ್ಲ. ಕಾರ್ಡ್ 32 ಜಿಬಿ ದಾಟಬಾರದು, ಫಾರ್ಮ್ಯಾಟ್ ಫ್ಯಾಟ್32. ಕಾರ್ಡಿನಲ್ಲಿ ಅದೊಂದೇ ಕಡತ ಇರಲಿ. ಈ ಮಾಡ್ಯೂಲ್ ಹೆಸರಿನ ಕ್ರಮಕ್ಕಿಂತ ಕಾಪಿ ಮಾಡಿದ ಕ್ರಮವನ್ನು ಹಿಡಿಯುತ್ತದೆ.

ಇದನ್ನು ಬಿಡಲು ನಿಜವಾದ ಕಾರಣ ಬೇರೆ. ಕರೆಂಟ್ ಹೋಗಿ ಬಂದರೆ ಮಾಡ್ಯೂಲ್ ತಾನಾಗಿ ಹಾಡುವುದಿಲ್ಲ. ಯಾರಾದರೂ ಗುಂಡಿ ಒತ್ತಬೇಕು, ಇಲ್ಲವೇ ಪಕ್ಕದಲ್ಲಿ ಒಂದು ಮೈಕ್ರೊಕಂಟ್ರೋಲರ್ (ಪ್ರೋಗ್ರಾಂ ನಡೆಸುವ ಪುಟ್ಟ ಚಿಪ್) ಕೂತು ಆದೇಶ ಕೊಡಬೇಕು. ಮೈಕ್ರೊಕಂಟ್ರೋಲರ್ ಹೇಗೂ ಬೇಕೆಂದ ಮೇಲೆ ಸದ್ದನ್ನೂ ಅದರಿಂದಲೇ ಹುಟ್ಟಿಸಬಹುದು, ಕಡತದ ಹಂಗೇ ಬೇಡ.

ಹಂತ 4: ಸಾಮಾನು

ಎಲ್ಲವೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವಂಥವು, ಆನ್‌ಲೈನ್‌ನಲ್ಲೂ ದರ ಹೆಚ್ಚುಕಡಿಮೆ ಇಷ್ಟೇ.

ಇಎಸ್‌ಪಿ32 ಬೋರ್ಡ್ (ಮೈಕ್ರೊಕಂಟ್ರೋಲರ್ ಇದೇ): ₹400
ಮ್ಯಾಕ್ಸ್98357ಎ ಆಂಪ್ಲಿಫೈಯರ್ ಬೋರ್ಡ್: ₹200
3 ಇಂಚಿನ, 4 ಓಮ್, 5 ವಾಟ್ ಸ್ಪೀಕರ್: ₹150
5 ವೋಲ್ಟ್ 2 ಆಂಪ್ ಅಡಾಪ್ಟರ್: ₹180
10ಕೆ ಪೊಟೆನ್ಷಿಯೋಮೀಟರ್ (ವಾಲ್ಯೂಮಿನ ಗುಂಡಿ), ತಿರುಗುಣಿ ಸಮೇತ: ₹30
4 ಇಂಚಿನ ಪಿವಿಸಿ ಪೈಪ್ ಅರ್ಧ ಅಡಿ, ಎರಡು ಕ್ಯಾಪ್: ₹150
470 ಮೈಕ್ರೊಫ್ಯಾರಡ್ 16 ವೋಲ್ಟ್ ಕೆಪಾಸಿಟರ್, 0.1 ಮೈಕ್ರೊಫ್ಯಾರಡ್ ಒಂದು, ತಂತಿ, ತೂತಿನ ಬೋರ್ಡ್: ₹80
ಫೋಮ್ ಟೇಪು, ರಬ್ಬರ್ ಪಾದ: ₹40

ಸ್ಪೀಕರಿನ ವಾಟೇಜಿಗೆ ದುಡ್ಡು ಸುರಿಯಬೇಡಿ. ಮಲಗುವ ಕೋಣೆಗೆ ಬೇಕಾದ ಮಟ್ಟಕ್ಕೆ ಕೆಲವು ಮಿಲಿವಾಟ್ ಸಾಕು. ಕೊಡುವ ದುಡ್ಡು ಗಾತ್ರಕ್ಕಿರಲಿ: 2 ಇಂಚಿನದರಲ್ಲಿ ಕೆಳಸ್ವರವೇ ಬರುವುದಿಲ್ಲ, ಪಿಂಕ್ ಕೊಟ್ಟರೂ ವೈಟ್ ಆಗಿ ಕೇಳುತ್ತದೆ. ಅಗ್ಗದ ಸ್ಲೀಪ್ ಮಷೀನುಗಳ ಸುಯ್‌ಗುಡುವಿಕೆಗೆ ಇದೂ ಕಾರಣ.

ಹಂತ 5: ತಂತಿ

ಆಂಪ್ಲಿಫೈಯರಿನ ಬಿಸಿಎಲ್‌ಕೆ ಪಿನ್ ಇಎಸ್‌ಪಿ32ರ 26ನೇ ಪಿನ್ನಿಗೆ, ಎಲ್‌ಆರ್‌ಸಿ 25ಕ್ಕೆ, ಡಿಐಎನ್ 22ಕ್ಕೆ. ಗೇನ್ ಪಿನ್ ಖಾಲಿ ಬಿಟ್ಟರೆ 9 ಡಿಬಿ, ವಿಐಎನ್‌ಗೆ ಕಟ್ಟಿದರೆ 6. ನಮಗೆ 6 ಸಾಕು. ಪೊಟೆನ್ಷಿಯೋಮೀಟರಿನ ಎರಡು ತುದಿ 3.3 ವೋಲ್ಟ್ ಮತ್ತು ಗ್ರೌಂಡ್, ನಡುವಿನ ಕಾಲು 34ಕ್ಕೆ. ಆ ನಡುಗಾಲಿನಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್.

ಆಂಪ್ಲಿಫೈಯರಿಗೆ 5 ವೋಲ್ಟನ್ನು ಇಎಸ್‌ಪಿ32 ಬೋರ್ಡಿನ ಮೂಲಕ ಕೊಡಬೇಡಿ, ಅಡಾಪ್ಟರಿನಿಂದಲೇ ಬೇರೆ ತಂತಿ ಎಳೆಯಿರಿ. 470 ಮೈಕ್ರೊಫ್ಯಾರಡ್ ಆಂಪ್ಲಿಫೈಯರಿನ ವಿಐಎನ್-ಗ್ರೌಂಡ್ ಕಾಲಿಗೆ ಅಂಟಿಕೊಂಡಂತೆ ಇರಬೇಕು, ನಾಲ್ಕಿಂಚು ದೂರವಿದ್ದರೆ ಕೆಲಸ ಅರ್ಧ. ಸ್ಪೀಕರಿನ ಎರಡೂ ತಂತಿ ಆಂಪ್ಲಿಫೈಯರಿಗೇ ಹೋಗಬೇಕು. ಹಳೇ ರೇಡಿಯೋ ಅಭ್ಯಾಸದಲ್ಲಿ ಒಂದನ್ನು ಗ್ರೌಂಡಿಗೆ ಕೊಟ್ಟರೆ ಚಿಪ್ ಬಿಸಿಯಾಗಿ ಸದ್ದು ನಿಲ್ಲುತ್ತದೆ, ಕೆಡಲೂಬಹುದು.

ಹಂತ 6: ಪ್ರೋಗ್ರಾಂ

ಇಲ್ಲೇ ಹೆಚ್ಚು ಹೊತ್ತು ಹೋಗುವುದು. ಮೊದಲಿಗೆ ಯಾದೃಚ್ಛಿಕ (ಗೊತ್ತುಗುರಿಯಿಲ್ಲದ) ಸಂಖ್ಯೆ, ವೈಟ್ ನಾಯ್ಸ್ ಹುಟ್ಟುವುದು ಅದರಿಂದಲೇ. ಹಳೇ ನಾಯ್ಸ್ ಜನರೇಟರ್ ನಕ್ಷೆಗಳಲ್ಲಿ ಬರುವ 16 ಬಿಟ್ ಶಿಫ್ಟ್ ರಿಜಿಸ್ಟರ್ ಸುಲಭ, ಚುರುಕು. ಆದರೆ ಅದು 65,535 ಹೆಜ್ಜೆಗೊಮ್ಮೆ ಮೊದಲಿಗೆ ಮರಳುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಒಂದೂವರೆ ಸೆಕೆಂಡಿಗೊಂದು ಸುತ್ತು. ಕೋಣೆಯಲ್ಲಿ ಯಾರೋ ಉಸಿರಾಡುತ್ತಿರುವ ಹಾಗೆ ಒಂದು ಲಯ ಮೂಡುತ್ತದೆ, ಒಮ್ಮೆ ಕಿವಿ ಅದನ್ನು ಹಿಡಿಯಿತೋ ಮುಗಿಯಿತು, ಮತ್ತೆ ಬಿಡುವುದಿಲ್ಲ. 32 ಬಿಟ್‌ನ ಕ್ಸಾರ್‌ಶಿಫ್ಟ್ (ಎಡಕ್ಕೆ 13, ಬಲಕ್ಕೆ 17, ಎಡಕ್ಕೆ 5) ಬಳಸಿದರೆ ಅದೇ ವೇಗದಲ್ಲಿ ಮರಳಲು 27 ಗಂಟೆ ಬೇಕು. ಯಾವ ರಾತ್ರಿಯೂ ಅಷ್ಟುದ್ದವಿಲ್ಲ.

ಪಿಂಕ್ ಮಾಡಲು ಪಾಲ್ ಕೆಲೆಟ್ ಅವರ ಮೂರು ಫಿಲ್ಟರಿನ ಸರಳ ರೂಪ ಸಾಕು. ಮೂರು ಚರಾಂಕ, ಪ್ರತಿ ಸ್ಯಾಂಪಲಿಗೆ: ಮೊದಲನೆಯದು ತನ್ನ ಹಳೇ ಬೆಲೆಯ 0.99765 ಪಾಲು ಮತ್ತು ವೈಟ್‌ನ 0.0990460 ಪಾಲು, ಎರಡನೆಯದು 0.96300 ಮತ್ತು 0.2965164, ಮೂರನೆಯದು 0.57000 ಮತ್ತು 1.0526913. ಮೂರನ್ನೂ ಕೂಡಿ ವೈಟ್‌ನ 0.1848 ಪಾಲು ಸೇರಿಸಿದರೆ ಪಿಂಕ್. ಈ ಮೊತ್ತ ಒಂದನ್ನು ಹಲವು ಪಟ್ಟು ಮೀರುತ್ತದೆ. 8ರಿಂದ ಭಾಗಿಸದೆ 16 ಬಿಟ್‌ಗೆ ತುರುಕಿದರೆ ಸಂಖ್ಯೆ ಉಕ್ಕಿ ಚಟಚಟ ಸಿಡಿತ ಕೇಳುತ್ತದೆ. ಸಿಡಿತ ಕೇಳಿದ ಕೂಡಲೇ ಸೋಲ್ಡರ್ ಸರಿಯಿಲ್ಲ ಎಂದು ತಂತಿ ಬಿಚ್ಚುವವರೇ ಹೆಚ್ಚು, ಮೊದಲು ಈ ಭಾಗಾಕಾರ ನೋಡಿ.

ಆಮೇಲೆ ಎರಡು ಕತ್ತರಿ. 120 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯಲು ಹೈಪಾಸ್ (ಗುಣಾಂಕ 0.983), 4,000 ಹರ್ಟ್ಸ್‌ಗಿಂತ ಮೇಲಿನದನ್ನು ತಗ್ಗಿಸಲು ಲೋಪಾಸ್ (0.434). ಹೈಪಾಸ್ ಬಿಟ್ಟರೆ ಮೂರಿಂಚಿನ ಕೋನು ನುಡಿಸಲಾಗದ ಕೆಳಸ್ವರಕ್ಕೆ ಸುಮ್ಮನೆ ಹೊಯ್ದಾಡಿ ಒಳಗಿನ ತಂತಿಯನ್ನೆಲ್ಲ ನಡುಗಿಸುತ್ತದೆ. ಬ್ರೌನ್ ನಾಯ್ಸೇ ಬೇಕೆನ್ನುವವರಿಗೆ ಈ ಗಾತ್ರದ ಸ್ಪೀಕರು ನಿರಾಸೆ ಮಾಡುವುದು ಇದೇ ಕಾರಣಕ್ಕೆ.

ವಾಲ್ಯೂಮಿನ ಗುಂಡಿ ಚಿಕ್ಕ ವಿಷಯ ಅನ್ನಿಸಿದರೂ ಕಾಡುತ್ತದೆ. ಗುಂಡಿಯ ವೋಲ್ಟನ್ನು ಸಂಖ್ಯೆಯಾಗಿ ಓದುವ ಇಎಸ್‌ಪಿ32ರ ಎಡಿಸಿ ಒಂದೇ ಜಾಗದಲ್ಲಿ ನಿಲ್ಲದೆ ತುಯ್ಯುತ್ತದೆ, ಸದ್ದೂ ಅದರ ಜೊತೆ ಅಲುಗುತ್ತದೆ. 64 ಸಲ ಓದಿ ಸರಾಸರಿ ತೆಗೆದು, ಹಳೇ ಓದಿಗಿಂತ 40 ಎಣಿಕೆಗೂ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ ಬದಲಿಸಿ. ಬಂದ ಬೆಲೆಯನ್ನು ವರ್ಗ ಮಾಡಿ ಬಳಸಿ, ಇಲ್ಲವಾದರೆ ಗುಂಡಿಯ ಮೊದಲ ಕಾಲುಸುತ್ತಿನಲ್ಲೇ ಎಲ್ಲ ಏರಿಕೆ ಮುಗಿದುಹೋಗುತ್ತದೆ. ಗರಿಷ್ಠ ಮಿತಿಯನ್ನು ಪ್ರೋಗ್ರಾಮಿನಲ್ಲೇ ಹಾಕಿ. ಇಲ್ಲಿ ಪೂರ್ತಿ ತಿರುಗಿಸಿದರೂ ಒಂದು ಅಡಿ ದೂರದಲ್ಲಿ 60 ಡಿಬಿ ದಾಟದಂತೆ ಕಟ್ಟಿದೆ.

ಆನ್ ಆದಾಗ ಸದ್ದು ಸೊನ್ನೆಯಿಂದ 20 ಸೆಕೆಂಡಿನಲ್ಲಿ ನಿಧಾನ ಏರಬೇಕು. ರಾತ್ರಿ ಎರಡಕ್ಕೆ ಕರೆಂಟ್ ಬಂದು ಪೆಟ್ಟಿಗೆ ಒಮ್ಮೆಲೇ ಭುಸ್ ಎಂದರೆ ಅದಕ್ಕಿಂತ ಬೈಕೇ ವಾಸಿ. ವೈಫೈ, ಬ್ಲೂಟೂತ್ ಎರಡನ್ನೂ ಪ್ರೋಗ್ರಾಮಿನಲ್ಲಿ ಆಫ್ ಮಾಡಿ. ವೈಫೈ ಆಗಾಗ ಕರೆಂಟ್ ಎಳೆದಂತೆಲ್ಲ ಸ್ಪೀಕರಿನಲ್ಲಿ ಟಿಕ್ ಟಿಕ್ ಬರುತ್ತದೆ. ಇನ್ನೊಂದು: ಆಂಪ್ಲಿಫೈಯರಿಗೆ ಸ್ಯಾಂಪಲ್ ಕಳಿಸಲು ಹಳೇ ಐಟುಎಸ್ ಡ್ರೈವರ್ ಬಳಸುವುದಾದರೆ ಬಫರ್ ಖಾಲಿಯಾದಾಗ ತಾನಾಗಿ ಅಳಿಸುವ ಆಯ್ಕೆಯನ್ನು ಚಾಲೂ ಮಾಡಿ. ಮಾಡದಿದ್ದರೆ ಪ್ರೋಗ್ರಾಂ ಒಂದು ಕ್ಷಣ ತಡವಾದರೂ ಹಳೇ ತುಣುಕೇ ಮತ್ತೆ ಮತ್ತೆ ನುಡಿದು ಬರ್ ಎನ್ನುತ್ತದೆ.

ಹಂತ 7: ಪೆಟ್ಟಿಗೆ

ಸ್ಪೀಕರನ್ನು ಬೋಳಾಗಿ ಮೇಜಿನ ಮೇಲಿಟ್ಟು ಪರೀಕ್ಷಿಸಿ ಸದ್ದು ತೆಳುವಾಗಿದೆ ಎಂದುಕೊಳ್ಳಬೇಡಿ. ಮುಂದಿನ ಅಲೆಯನ್ನು ಹಿಂದಿನದು ಕೊಲ್ಲುತ್ತಿರುತ್ತದೆ. ನಾಲ್ಕಿಂಚಿನ ಪೈಪನ್ನು 15 ಸೆಂಮೀ ಉದ್ದಕ್ಕೆ ಕತ್ತರಿಸಿದರೆ ಒಳಗೆ ಸುಮಾರು ಒಂದೂಕಾಲು ಲೀಟರ್ ಜಾಗ, ಮೂರಿಂಚಿನ ಸ್ಪೀಕರಿಗೆ ಸರಿಹೋಗುತ್ತದೆ. ಒಂದು ಕ್ಯಾಪಿನ ನಡುವೆ 70 ಮಿಮೀ ತೂತು. ಹೋಲ್‌ಸಾ ಇಲ್ಲದಿದ್ದರೆ ಸುತ್ತಲೂ 3 ಮಿಮೀ ತೂತುಗಳನ್ನು ಕೊರೆದು ಬ್ಲೇಡಿನಿಂದ ಕೂಡಿಸಿ ಅರ ಹಾಕಿ. ಬಿಸಿ ಚಾಕುವಿನಿಂದ ಪಿವಿಸಿ ಕೊಯ್ಯಬೇಡಿ, ಹೊಗೆ ವಿಷ. ಸ್ಪೀಕರಿನ ಅಂಚಿಗೂ ಕ್ಯಾಪಿಗೂ ನಡುವೆ ಫೋಮ್ ಟೇಪು, ನಾಲ್ಕು ಸ್ಕ್ರೂ.

ಹಿಂದಿನ ಕ್ಯಾಪಿನಲ್ಲಿ ಗುಂಡಿಗೆ 7 ಮಿಮೀ ತೂತು, ಅಡಾಪ್ಟರ್ ತಂತಿಗೆ ಒಂದು. ತಂತಿಗೆ ಒಳಗಡೆ ಗಂಟು ಹಾಕಿ ತೂತನ್ನು ಸಿಲಿಕೋನಿನಿಂದ ಮುಚ್ಚಿ. ಈ ಕ್ಯಾಪಿಗೆ ಪಿವಿಸಿ ಗಮ್ ಹಚ್ಚಿದರೆ ಮುಂದೆ ತೆರೆಯಲಾಗುವುದಿಲ್ಲ. ಪೈಪಿನ ಅಂಚಿಗೆ ಪ್ಲಂಬರ್‌ಗಳ ಬಿಳಿ ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಸುತ್ತಿ ಒತ್ತಿದರೆ ಬಿಗಿಯಾಗಿ ಕೂರುತ್ತದೆ, ಬೇಕಾದಾಗ ಬರುತ್ತದೆ.

ಒಳಗೆ ತುಂಬಲು ಹಳೇ ದಿಂಬಿನ ಪಾಲಿಯೆಸ್ಟರ್ ಹತ್ತಿ ಒಂದು ಹಿಡಿ, ಸಡಿಲವಾಗಿ. ಬೂರುಗದ ಹತ್ತಿ ಬೇಡ, ನವಿರು ಎಳೆಗಳು ಸ್ಪೀಕರಿನ ಹಿಂಬದಿಯ ಕಿಂಡಿಗಳಿಗೆ ನುಗ್ಗುತ್ತವೆ. ಬೋರ್ಡುಗಳ ಮೇಲೆ ಹತ್ತಿ ಬೀಳದಂತೆ ನಡುವೆ ರಟ್ಟಿನ ತುಂಡು ಇಡಿ. ಸಡಿಲ ತಂತಿಗಳನ್ನೆಲ್ಲ ಟೇಪಿನಿಂದ ಪೈಪಿನ ಒಳಗೋಡೆಗೆ ಹಿಡಿಸಿ: ಮುಚ್ಚಿದ ಮೇಲೆ ಕೇಳುವ ಕಿರಿಕಿರಿ ಹತ್ತರಲ್ಲಿ ಒಂಬತ್ತು ಸಲ ಪೈಪಿಗೆ ಬಡಿಯುತ್ತಿರುವ ತಂತಿಯದೇ. ಪೈಪು ಬಿಳಿಯಾಗಿದ್ದರೆ ಇಎಸ್‌ಪಿ32ರ ಕೆಂಪು ಎಲ್‌ಇಡಿ ಕತ್ತಲಲ್ಲಿ ಗೋಡೆಯ ಮೂಲಕವೇ ಕಾಣುತ್ತದೆ, ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪು.

ಹಂತ 8: ಕರೆಂಟ್ ಹೋದಾಗ

ಮನೆಗೆ ಯುಪಿಎಸ್ ಇದ್ದರೆ ಚಿಂತೆಯಿಲ್ಲ. ಕರೆಂಟಿನಿಂದ ಯುಪಿಎಸ್‌ಗೆ ಬದಲಾಗುವ ಆ ಕೆಲವು ಮಿಲಿಸೆಕೆಂಡನ್ನು 2 ಆಂಪಿನ ಅಡಾಪ್ಟರ್ ಇಷ್ಟು ಹಗುರ ಲೋಡಿನಲ್ಲಿ ತಾಳಿಕೊಳ್ಳುತ್ತದೆ, ಸದ್ದು ಕಡಿಯುವುದಿಲ್ಲ. ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಫ್ಯಾನು ಗೊರಗುಟ್ಟುವುದು ಗೊತ್ತಿರುವುದೇ, ಈ ಪೆಟ್ಟಿಗೆಗೆ ಆ ಬಾಧೆಯೂ ಇಲ್ಲ.

ಯುಪಿಎಸ್ ಇಲ್ಲದವರಿಗೆ ಮೊದಲು ಹೊಳೆಯುವುದು ಪವರ್‌ಬ್ಯಾಂಕ್. ಪೆಟ್ಟಿಗೆ ಎಳೆಯುವುದು ಸುಮಾರು 80 ಮಿಲಿಆಂಪ್, ಇಷ್ಟು ಕಡಿಮೆ ಎಳೆದರೆ ಫೋನ್ ತುಂಬಿತು ಎಂದುಕೊಂಡು ಹಲವು ಪವರ್‌ಬ್ಯಾಂಕುಗಳು ತಾವಾಗಿ ಆಫ್ ಆಗುತ್ತವೆ. ಚಾರ್ಜ್ ಆಗುತ್ತಲೇ ಕೊಡುವಂಥವೂ ಕರೆಂಟ್ ಹೋದ ಕ್ಷಣ ಒಮ್ಮೆ ಕಡಿದು ಬರುತ್ತವೆ. ವೈಫೈ ರೂಟರಿಗೆಂದು ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಒಳ್ಳೆಯದು. ರೂಟರಿಗೆ ಈಗಾಗಲೇ ಇದ್ದರೆ ಅದರಿಂದಲೇ ಒಂದು ಕವಲು ತೆಗೆದು, ಎಲ್‌ಎಂ2596 ಬಕ್ ಮಾಡ್ಯೂಲಿನಿಂದ 5 ವೋಲ್ಟಿಗೆ ಇಳಿಸಿಕೊಳ್ಳಬಹುದು. ಪೆಟ್ಟಿಗೆ ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿದು 5.0ಕ್ಕೆ ತಿರುಗಿಸಿ. ಹೊಸ ಮಾಡ್ಯೂಲುಗಳು ಎಷ್ಟಕ್ಕೆ ನಿಂತಿರುತ್ತವೋ ಹೇಳಲಾಗದು, 12 ವೋಲ್ಟ್ ನೇರ ಹೋದರೆ ಆಂಪ್ಲಿಫೈಯರ್ ಹೋದಂತೆಯೇ.

ಬಿಲ್ಲಿನ ಮಾತು: ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 0.1 ಯೂನಿಟ್.

ಹಂತ 9: ಎಲ್ಲಿಡುವುದು

ತಲೆಯ ಪಕ್ಕದಲ್ಲಲ್ಲ. ಕಿಟಕಿಗೂ ಮಂಚಕ್ಕೂ ನಡುವೆ, ಬೇರೆ ಸ್ಟೂಲಿನ ಮೇಲೆ, ಸ್ಪೀಕರ್ ಕಿಟಕಿ ಅಥವಾ ಗೋಡೆಗೆ ಮುಖಮಾಡಿ. ಗೋಡೆಗೆ ತಾಗಿ ಹರಡಿದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ, ಅದು ಒಳ್ಳೆಯದೇ. ಮರದ ಮಂಚದ ತಲೆಹಲಗೆಯ ಮೇಲಿಟ್ಟರೆ ನಡುಕ ದಿಂಬಿನವರೆಗೂ ಬರುತ್ತದೆ. ಈ ಕೋಣೆಯಲ್ಲಿ ಮಂಚದಿಂದ ಆರು ಅಡಿ ದೂರ, ದಿಂಬಿನ ಹತ್ತಿರ 44 ಡಿಬಿ. ಬೈಕು ಹಾದರೆ ಆ್ಯಪ್ ಈಗಲೂ 55 ತೋರಿಸುತ್ತದೆ. ತೋರಿಸಲೇಬೇಕು, ಪೆಟ್ಟಿಗೆ ಹೊರಗಿನ ಸದ್ದನ್ನು ತಗ್ಗಿಸುವುದಿಲ್ಲವಲ್ಲ.

ಹಸುಗೂಸು ಮಲಗುವ ಕೋಣೆಯಾದರೆ ಇನ್ನೂ ಬಿಗಿ ಬೇಕು. 2014ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಮಕ್ಕಳಿಗೆಂದೇ ಮಾರುವ 14 ಮಷೀನುಗಳನ್ನು ಪೂರ್ತಿ ವಾಲ್ಯೂಮಿನಲ್ಲಿ ಅಳೆದಿತ್ತು. 30 ಸೆಂಮೀ ದೂರದಲ್ಲಿ ಎಲ್ಲವೂ 50 ಡಿಬಿ ದಾಟಿದವು, ಮೂರು 85ನ್ನೂ ದಾಟಿದವು. ತೊಟ್ಟಿಲಿಗೆ ಕಟ್ಟುವ ಮಾತೇ ಬೇಡ. ಎರಡು ಮೀಟರ್ ದೂರ, ವಾಲ್ಯೂಮ್ ಕೆಳಗೆ, ಮಗು ನಿದ್ದೆಹೋದ ಮೇಲೆ ಆಫ್.

ಕಟ್ಟದೆ ಕೊಳ್ಳುವುದಾದರೆ

ಎಷ್ಟು ಬಗೆಯ ಸದ್ದಿದೆ ಎಂದು ಎಣಿಸಬೇಡಿ. ಮಳೆ, ಅಲೆ, ಹಕ್ಕಿ ಇದ್ದಷ್ಟೂ ಚಿಕ್ಕ ಚಿಕ್ಕ ತುಣುಕು ಸುತ್ತುತ್ತಿರುವ ಸಂಭವವೇ ಹೆಚ್ಚು. ಒಂದೇ ಸದ್ದನ್ನು ಎರಡು ಮೂರು ನಿಮಿಷ ಕಣ್ಣುಮುಚ್ಚಿ ಕೇಳಿ, ಸುತ್ತು ಗೊತ್ತಾದರೆ ಬಿಡಿ. ಪ್ಲಗ್ ಕಿತ್ತು ಮತ್ತೆ ಹಾಕಿ, ತಾನಾಗಿ ಅದೇ ಸದ್ದು ಅದೇ ಮಟ್ಟದಲ್ಲಿ ಶುರುವಾಗಬೇಕು. ಟಚ್ ಗುಂಡಿಯವು ಹೆಚ್ಚಾಗಿ ಸೋಲುವುದು ಇಲ್ಲೇ. ಟೈಮರ್ ಆಫ್ ಮಾಡಲು ಬರಬೇಕು. ಒಂದೊಂದು ಗಂಟೆಗೆ ನಿಲ್ಲುವಂಥವು ಮಲಗಿಸುತ್ತವೆ, ಬೆಳಗಿನ ಮೂರಕ್ಕೆ ಕೈಕೊಡುತ್ತವೆ. ವಾಲ್ಯೂಮ್ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದ್ದಾದರೆ ಕನಿಷ್ಠ ಮಟ್ಟ ನಿಮಗೆ ಬೇಕಾದದ್ದಕ್ಕಿಂತ ಕೆಳಗಿದೆಯೇ ನೋಡಿ.

ಇದರಿಂದ ಆಗದ್ದು

ಕಲ್ಯಾಣ ಮಂಟಪದ ಡ್ರಮ್ಮು, ಎಂಜಿನ್ ಆರಿಸದೆ ನಿಂತ ಲಾರಿ, ರಾತ್ರಿ ಕೊರೆಯುವ ಬೋರ್‌ವೆಲ್ ಗಾಡಿ. ಇವುಗಳ ಸದ್ದಿನ ದೊಡ್ಡ ಪಾಲು 100 ಹರ್ಟ್ಸ್‌ನ ಆಸುಪಾಸಿನಲ್ಲಿದ್ದು, ಮೂರಿಂಚಿನ ಸ್ಪೀಕರ್ ಆ ಜಾಗ ಮುಟ್ಟುವುದೇ ಇಲ್ಲ. ವಾಲ್ಯೂಮ್ ಏರಿಸಿ ಅದನ್ನು ಮುಚ್ಚಲು ಹೋದರೆ ಪೆಟ್ಟಿಗೆಯೇ ಎಚ್ಚರಿಸುತ್ತದೆ. ಆರಿಂಚಿನ ಸ್ಪೀಕರು, ಹತ್ತು ಲೀಟರಿನ ಪ್ಲೈವುಡ್ ಪೆಟ್ಟಿಗೆ ಮಾಡಿದರೆ ಸ್ವಲ್ಪ ಕೆಳಗಿಳಿಯಬಹುದು. ಅದಕ್ಕೂ ಮೊದಲು ಕಿಟಕಿಯ ಚೌಕಟ್ಟಿನ ಸಂದಿಗೆ ಫೋಮ್ ಟೇಪು ಅಂಟಿಸಿ ನೋಡಿ. ಲಾರಿಯ ಗುಡುಗಿಗೆ ಅದೂ ಹೆಚ್ಚೇನು ಮಾಡದು, ಆದರೆ ಮಾತು, ಹಾರ್ನು, ನಾಯಿಯ ಬೊಗಳುವಿಕೆ ಸಂದಿಯಿಂದಲೇ ನುಗ್ಗುವುದರಿಂದ ಪೆಟ್ಟಿಗೆಯ ವಾಲ್ಯೂಮನ್ನು ಇನ್ನೆರಡು ಮೂರು ಡಿಬಿ ಇಳಿಸಲು ಆಗುತ್ತದೆ.